ಕೊಳಗ ಅಟ್ಟಕ್ಕೇರಿದ ದಿನಗಳು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಬೇಕೆಂದುಕೊಂಡೆ, ನಾಲಿಗೆ ಏಳಲಿಲ್ಲ. ಮಕ್ಕಳು ತಿಳಿವಳಿಕೆಗೆ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅವರು ತಿಳಿವಳಿಕೆಗೆ ಬಂದು, ಅವರ ಮಕ್ಕಳೇ ಈಗ ಕೆ.ಆರ್.ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ. ಈ ಸಲದ ಮಳೆ ಬಾರದೇ ಇದ್ದಿದ್ದರೆ ಇನ್ನೂ ಮುಂದಕ್ಕೆ ಹಾಕಿ, ಕೊನೆಗೆ ನನ್ನ ಜೊತೆಯಲ್ಲೇ ಮಣ್ಣಿಗೆ ತೆಗೆದುಕೊಂಡು ಹೋಗುತ್ತಿದ್ದೆನೇನೋ.

ಈ ಸಲ ಪಕ್ಕದೂರಿನ ಕೆರೆಯ ಏರಿ ಕಿತ್ತುಕೊಂಡು ಹೋಯಿತು. ಮನೆಗಳಿಗೆ ನೀರು ನುಗ್ಗಿದವರನ್ನೆಲ್ಲ ಟ್ರಾಕ್ಟರುಗಳಲ್ಲಿ ನಮ್ಮೂರಿಗೆ ಕರೆತಂದು ಸಮುದಾಯ ಭವನದಲ್ಲಿ ಇಳಿಸಿದರು. ನಮ್ಮೂರಿನವರು ಏನೂ ಕಡಿಮೆ ಮಾಡಲಿಲ್ಲ. ಚಾಪೆ, ಕಂಬಳಿ, ಅಕ್ಕಿ, ಬೇಳೆ ಎಲ್ಲ ಬಂತು. ನನಗೂ ಕುಳಿತುಕೊಳ್ಳಲು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹುಡುಗರು ಒಂದು ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ಚೀಲ ತೆಗೆದುಕೊಳ್ಳುವವರ ಮುಖ ತಮ್ಮ ಕಡೆ ತಿರುಗುವವರೆಗೂ ಚೀಲವನ್ನು ಬಿಡುತ್ತಿರಲಿಲ್ಲ. ನನ್ನಷ್ಟೇ ವಯಸ್ಸಿನ ಒಬ್ಬ ಮುದುಕ ಹೆಗಲ ಮೇಲಿನ ಟವೆಲನ್ನು ಮೆಲ್ಲಗೆ ಮುಖದ ಮೇಲೆ ಎಳೆದುಕೊಂಡ. ನನಗೆ ಎಲ್ಲಿಂದ ಅಷ್ಟು ದನಿ ಬಂತೋ ಗೊತ್ತಿಲ್ಲ. ಕುರ್ಚಿಯಿಂದ ಎದ್ದು ಕೂಗಿಬಿಟ್ಟೆ.

“ಏನ್ರಲಾ ಅದು? ಮೊಬೈಲು ಒಳಕ್ಕಿಟ್ಟು ಆ ಕಡೀಕ್ ತಿರುಗ್ರಲಾ! ಅವ್ರು ಬೇಕಾದ್ದು ತಗೊಳ್ಲಿ, ನೀವು ಗ್ವಾಡೆ ನೋಡ್ರಿ!”

ಹುಡುಗರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ಒಬ್ಬೊಬ್ಬರೇ ತಿರುಗಿದರು. ಅಷ್ಟು ಹೊತ್ತು ಮೂಲೆಯಲ್ಲೇ ಕುಳಿತಿದ್ದ ಹೆಂಗಸರು ಆಗ ಎದ್ದು ಬಂದು ಅಕ್ಕಿ ತೆಗೆದುಕೊಂಡರು. ಮನೆಗೆ ಬರುವ ದಾರಿಯಲ್ಲಿ, ಜೊತೆಗೆ ಬಂದಿದ್ದ ಮೊಮ್ಮಗಳು ಕೇಳಿದಳು.

“ಯಾಕ್ ತಾತ, ಅಂಗ್ ಕೂಗ್ಬುಟ್ಟೆ? ಫೋಟೋ ತೆಗುದ್ರೆ ಏನಾಯ್ತದೆ?”

“ನಾಳೆ ಯೋಳ್ತೀನಿ ಕಣವ್ವ.”

ಹೇಳಿದ ಕೂಡಲೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಈ ‘ನಾಳೆ’ ಅನ್ನುವ ಮಾತು ನನ್ನ ಬಾಯಿಗೆ ಹತ್ತಿ ಅರವತ್ತು ವರ್ಷದ ಮೇಲಾಯಿತು. ಮನೆಗೆ ಬಂದವನೇ ಅವಳದೇ ಒಂದು ನೋಟ್‌ಬುಕ್ಕು ಕೇಳಿ ಇಸಿದುಕೊಂಡು ಕುಳಿತೆ. ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವನು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಆಗ ನನಗೆ ಹತ್ತು ವರ್ಷ. ನಮ್ಮೂರು ಶೀಳನೆರೆಗೂ ಕಿಕ್ಕೇರಿಗೂ ನಡುವೆ, ಕೆರೆಯ ಏರಿಯ ಕೆಳಗೆ. ಊರಿಗೆ ಎರಡೇ ಬೀದಿ. ಮೇಲಿನ ಬೀದಿ ದಿಬ್ಬದ ಮೇಲೆ, ಕೆಳಗಿನ ಬೀದಿ ಗದ್ದೆಗೆ ತಗುಲಿಕೊಂಡು. ನಮ್ಮದು ಮೇಲಿನ ಬೀದಿಯ ತೊಟ್ಟಿಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಅದರ ಸುತ್ತ ಪಡಸಾಲೆ, ಒಂದು ಬದಿಗೆ ದನಗಳು, ಒಂದು ಬದಿಗೆ ಅಡಿಗೆಮನೆ. ಮನೆಗೆ ಅಪ್ಪ ಯಜಮಾನ ಎಂದು ಹೊರಗಿನವರು ತಿಳಿದಿದ್ದರು. ಒಳಗಿನವರಿಗೆಲ್ಲ ಅಜ್ಜಿಯೇ ಯಜಮಾನಿ. ನಮ್ಮ ಕಡೆ ಮದುವೆಯಾಗಿ ಬಂದ ಹೆಂಗಸನ್ನು ಹೆಸರಿನಿಂದ ಕರೆಯುವ ರೂಢಿ ಇರಲಿಲ್ಲ, ತವರೂರಿನಿಂದ ಕರೆಯುತ್ತಿದ್ದರು. ನಮ್ಮವ್ವ ಊರಿಗೆಲ್ಲ ‘ಪಾಂಡವಪುರದೋಳು’. ಕೆಳಗಿನ ಬೀದಿಯಲ್ಲಿ ಅಣ್ಣತಮ್ಮಂದಿರ ಹೆಂಡಿರು ಇಬ್ಬರಿದ್ದರು. ಅಣ್ಣನ ಹೆಂಡತಿ ಕಿಕ್ಕೇರವ್ವ, ತಮ್ಮನ ಹೆಂಡತಿ ನಾಗಮಂಗಲದವ್ವ. ತಮ್ಮ ತೀರಿಹೋಗಿ, ನಾಗಮಂಗಲದವ್ವ ಎರಡು ಮಕ್ಕಳನ್ನು ಕಟ್ಟಿಕೊಂಡು ಒಂಟಿಯಾಗಿದ್ದಳು. ಮನೆ ಪಾಲಾದಾಗ ನಡುವೆ ಎಬ್ಬಿಸಿದ ಗೋಡೆ ಒಂದು ಗೇಣು ಆಚೆ ಬಂತೋ ಈಚೆ ಬಂತೋ ಎಂಬ ಜಗಳಕ್ಕೆ ಈ ವಾರಗಿತ್ತಿಯರು ಮಾತು ಬಿಟ್ಟು ಆರು ವರ್ಷವಾಗಿತ್ತು. ನೀರು ಸೇದುವ ಬಾವಿಯ ಹತ್ತಿರ ಒಬ್ಬಳು ಬಂದರೆ ಇನ್ನೊಬ್ಬಳು ಬಿಂದಿಗೆ ಇಳಿಸಿ ದೂರ ನಿಲ್ಲುತ್ತಿದ್ದಳು.

ಏರಿ ಒಡೆದದ್ದು ಬೆಳಗಿನ ಹಾಲು ಕರೆಯುವ ಹೊತ್ತಿನಲ್ಲಿ. ನಾಲ್ಕು ದಿನ ಬಿಡದೆ ಮಳೆ ಹುಯ್ದು, ಅವತ್ತು ಹೊಳವಾಗಿ ಬಿಸಿಲು ಬಂದಿತ್ತು. ತೂಬು ಎತ್ತಿಳಿಸುವ ನೀರಗಂಟಿ ಏರಿಯ ಮೇಲಿಂದ ಓಡಿ ಬರುತ್ತ ಒಂದೇ ಸಮನೆ ಕೂಗುತ್ತಿದ್ದ.

“ಏರಿ ಬಿರೀತಾ ಅದೆ! ಕೆಳಗಿನ್ ಬೀದಿಯೋರು ಮ್ಯಾಕ್ಕೆ ಓಡ್ರಪ್ಪೋ! ಮನೆ ಬುಡ್ರಿ, ಮಕ್ಳು ಎತ್ಕೊಳ್ರಿ!”

ಓಡಿದರು. ಮಕ್ಕಳು, ಮುದುಕರು, ಮೇಕೆ, ಕರು, ಕೈಗೆ ಸಿಕ್ಕ ಚಾಪೆ, ಎಲ್ಲ ದಿಬ್ಬ ಹತ್ತಿ ಬಂತು. ನಾನು ಮನೆಯ ಹೆಂಚಿನ ಮೇಲೆ ಹತ್ತಿ ಕುಳಿತಿದ್ದೆ. ಮೊದಲು ಸದ್ದು ಬಂತು, ಸಾವಿರ ಎತ್ತು ಒಟ್ಟಿಗೆ ಮುಸುಗುಟ್ಟಿದ ಹಾಗೆ. ಆಮೇಲೆ ಕೆಂಪು ನೀರು! ಕೆಳಗಿನ ಬೀದಿಯ ಮಣ್ಣಿನ ಗೋಡೆಗಳು ಒಂದೊಂದಾಗಿ ಮಂಡಿಯೂರಿ ಕುಳಿತವು. ಒಂದು ಹುಲ್ಲಿನ ಬಣವೆ ಇಡಿಯಾಗಿ ಎದ್ದು ತೇಲಿಕೊಂಡು ಹೊರಟಿತು, ಅದರ ನೆತ್ತಿಯ ಮೇಲೆ ಒಂದು ಹುಂಜ ನೆಟ್ಟಗೆ ನಿಂತು ಕೂಗುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ. ಸುಳ್ಳೇಕೆ ಹೇಳಲಿ, ನನ್ನ ಬಾಲ್ಯದಲ್ಲಿ ಅದಕ್ಕಿಂತ ಸಡಗರದ ದಿನವನ್ನು ನಾನು ಕಂಡಿಲ್ಲ. ಒಂದು ಮನುಷ್ಯ ಜೀವವೂ ಹೋಗಲಿಲ್ಲ ಎಂಬುದೊಂದೇ ಆ ಚಪ್ಪಾಳೆಯನ್ನು ಈಗಲೂ ನೆನೆಯಲು ನನಗಿರುವ ಧೈರ್ಯ.

ಮೂರು ದಿನ ಕೆಳಗಿನ ಬೀದಿಯ ಅರ್ಧದಷ್ಟು ಜನ ನಮ್ಮ ಮನೆಯಲ್ಲೇ ಇದ್ದರು. ತೊಟ್ಟಿಯಲ್ಲಿ ದನ, ಪಡಸಾಲೆಯಲ್ಲಿ ಜನ, ಅಟ್ಟದ ಮೇಲೆ ಕೋಳಿ! ಒಲೆ ಸಾಲದೆ ತೊಟ್ಟಿಯಲ್ಲೇ ಮೂರು ಕಲ್ಲು ಹೂಡಿ ಮದುವೆ ಅಡಿಗೆಯ ದೊಡ್ಡ ಪಾತ್ರೆ ಗುಂಡಾಲದಲ್ಲಿ ಮುದ್ದೆಗೆ ಎಸರಿಟ್ಟರು. ಅದನ್ನು ತಿರುವಲು ಹೆಂಗಸರ ಕೈ ಸಾಲದೆಂದು ನಮ್ಮ ಚಿಕ್ಕಪ್ಪ ಚೆಲುವಯ್ಯ ಪಂಚೆ ಮೇಲಕ್ಕೆ ಕಟ್ಟಿ, ನೊಗದಷ್ಟು ಉದ್ದದ ಕೋಲು ಹಿಡಿದು ನಿಂತ. ನಮ್ಮವ್ವ ಸಾರಿಗೆ ಅವಳ ತವರಿನ ರೂಢಿಯಂತೆ ಒಂದು ಅಚ್ಚು ಬೆಲ್ಲ ಹಾಕಿದಳು. ಅದು ಕಿಕ್ಕೇರವ್ವನ ಕಣ್ಣಿಗೆ ಬಿತ್ತು. ಮನೆ ಹೋಗಿ ಒಂದು ದಿನವೂ ಆಗಿರಲಿಲ್ಲ, ಅವಳ ನಾಲಿಗೆ ಮಾತ್ರ ಒಂದಿಷ್ಟೂ ನೆನೆದಿರಲಿಲ್ಲ.

“ಅಯ್ಯೋ ಪಾಂಡವಪುರದೋಳೆ, ಸಾರೂ ಪಾಯ್ಸ ಮಾಡ್ಬುಟ್ಟಲ್ಲೇ! ಕೆರೆ ನೀರ್ಗೂ ಎರಡಚ್ಚು ಆಕಿದ್ರೆ ಊರೇ ಪಾನಕ ಕುಡೀತಿತ್ತು.”

“ತಿಂದ್ ನೋಡಿ ಮಾತಾಡಕ್ಕ. ನಿಮ್ ಕಿಕ್ಕೇರಿ ಕಡೆ ಕಾರ ತಿಂದು ತಿಂದು ನಾಲ್ಗೆ ಸುಟ್ಟೋಗದೆ.”

“ನಾಲ್ಗೆ ಸುಟ್ಟಿದ್ರೂ ಮಾತು ಸುಟ್ಟಿಲ್ಲ ಕಣೆ. ಚೆಲುವಯ್ಯ, ನೋಡ್ಕೊಂಡು ತಿರುವು, ಪಂಚೆ ಗುಂಡಾಲಕ್ಕೆ ಬಿದ್ದಾತು!”

ಮೂವತ್ತು ನಲವತ್ತು ಜನ ಒಟ್ಟಿಗೆ ನಕ್ಕರು. ನಾಗಮಂಗಲದವ್ವ ಎದುರು ಮೂಲೆಯ ಕಂಬದ ಹಿಂದೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವಳೊಬ್ಬಳು ನಗಲಿಲ್ಲ. ಊಟವಾದ ಮೇಲೆ ಗುಂಡಾಲದ ತಳಕ್ಕೆ ಸೀದು ಹತ್ತಿಕೊಂಡ ಸೀಕಿಗೆ ಹುಡುಗರು ಕಿತ್ತಾಡುತ್ತಿದ್ದೆವು. ಕಿಕ್ಕೇರವ್ವ ಅದನ್ನು ಕೆರೆದು ಎಲ್ಲರಿಗೂ ಕೊಟ್ಟು, ಗರಿಗರಿಯಾದ ದೊಡ್ಡ ಚೂರನ್ನು ಸೆರಗಿನಲ್ಲಿ ಮುಚ್ಚಿಟ್ಟು ನನಗೆ ಕೊಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅವಳು, ಗಂಡ, ಹಾಸಿಗೆ ಹಿಡಿದ ಅತ್ತೆ ಮೂವರೇ.

ನೀರು ಇಳಿದ ಮೇಲೆ ಗದ್ದೆಯ ಬಯಲಿನಲ್ಲಿ ಪಾತ್ರೆ, ಮೊರ, ತೊಟ್ಟಿಲು, ನೊಗ ಎಲ್ಲ ಕೆಸರಿನಲ್ಲಿ ಹೂತು ಬಿದ್ದಿದ್ದವು. ಸಿಕ್ಕಿದ್ದನ್ನೆಲ್ಲ ತೊಳೆದು ಮಾರಮ್ಮನ ಗುಡಿಯ ಜಗಲಿಯ ಮೇಲೆ ಇಟ್ಟರು. ಕಾವಲಿಲ್ಲ, ಕೇಳುವವರಿಲ್ಲ. ಅವರವರದನ್ನು ಅವರವರು ಎತ್ತಿಕೊಂಡು ಹೋದರು. ಕೊನೆಗೆ ಒಂದು ಹಿತ್ತಾಳೆಯ ಚೆಂಬು ಉಳಿಯಿತು. ಇವರು ಅವರದ್ದೆಂದರು, ಅವರು ಇವರದ್ದೆಂದರು. ಆ ಚೆಂಬು ಅಲ್ಲೇ ಇದ್ದು ಇದ್ದು ಮಾರಮ್ಮನದೇ ಆಗಿಹೋಯಿತು. ಶೀಳನೆರೆ ಕಡೆಯವರು ಹನ್ನೆರಡು ಗಾಡಿ ಹುಲ್ಲು ಹೊಡೆದುಕೊಂಡು ಬಂದು ಊರ ಬಾಗಿಲಲ್ಲಿ ಇಳಿಸಿದರು. ಅಪ್ಪ ಎಷ್ಟು ಕೈ ಹಿಡಿದರೂ ಮಜ್ಜಿಗೆ ಕುಡಿಯಲಿಲ್ಲ. “ನಿಮ್ಮೂರ್ ನೀರು ಕುಡ್ಯಾಕೆ ಮುಂದಿನ್ ಸುಗ್ಗೀಗ್ ಬತ್ತೀವಿ ಬುಡಿ” ಎಂದು ಎತ್ತುಗಳನ್ನು ತಿರುಗಿಸಿಕೊಂಡು ಹೊರಟುಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಅಜ್ಜಿ ಮಾತು ತೆಗೆದಳು.

“ಇನ್ನು ಅವ್ರವ್ರ ಒಲೆ ಅವ್ರವ್ರು ಹೂಡ್ಕೊಳ್ಲಿ. ಇನ್ನೊಬ್ರ ಮನೇಲಿ ಎಷ್ಟ್ ದಿನ ಅಂತ ತಟ್ಟೆ ಇಡ್ಕೊಂಡು ಕುಂತಿರ್ತಾರೆ? ಹಗೇವು ತೆಗೀರಿ.”

ಈಗಿನ ಮಕ್ಕಳಿಗೆ ಹಗೇವು ಎಂದರೆ ಗೊತ್ತಿಲ್ಲ. ಗಟ್ಟಿ ನೆಲದಲ್ಲಿ ಹೂಜಿಯ ಆಕಾರದಲ್ಲಿ ತೋಡಿ ರಾಗಿ ತುಂಬಿಡುವ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುವುದಿಲ್ಲ. ಕೆಳಗಿನ ಬೀದಿಯ ಹಗೇವುಗಳಿಗೆಲ್ಲ ನೀರು ಹೊಕ್ಕು ರಾಗಿ ಮೊಳೆತು ನಾರುತ್ತಿತ್ತು. ದಿಬ್ಬದ ಮೇಲಿನ ನಮ್ಮ ಹಗೇವಿಗೆ ಹನಿ ನೀರು ಇಳಿದಿರಲಿಲ್ಲ. ಚಪ್ಪಡಿ ಸರಿಸಿ ಅರ್ಧ ದಿನ ಹಾಗೇ ಬಿಟ್ಟರು. ಒಳಗಿನ ಕೆಟ್ಟ ಗಾಳಿಗೆ ಇಳಿದವರ ಉಸಿರು ನಿಂತುಬಿಡುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದುದನ್ನು ನೋಡಿ ಚಿಕ್ಕಪ್ಪನ ಸೊಂಟಕ್ಕೆ ಹಗ್ಗ ಬಿಗಿದರು. ಅವನು ಇಳಿಯುತ್ತ, “ನಾ ಬರ್ದೆ ಓದ್ರೆ ನನ್ ಎಂಡ್ತೀಗೆ ಇನ್ನೊಂದ್ ಗಂಡು ನೋಡ್ರಪ್ಪ” ಎಂದ. ಮೇಲಿನಿಂದ ಚಿಕ್ಕಮ್ಮ, “ಆಗ್ಲೇ ನೋಡಿ ಇಟ್ಟಿವ್ನಿ, ನೀ ಇಳಿ” ಎಂದಳು. ಆ ನಗುವಿನ ನಡುವೆಯೇ ಮೊದಲ ಕುಕ್ಕೆ ರಾಗಿ ಮೇಲೆ ಬಂತು. ಬೆಚ್ಚಗಿನ, ಮಣ್ಣಿನ, ಹಳೆಯ ಬಿಸಿಲಿನ ವಾಸನೆ. ಇದನ್ನು ಬರೆಯುವಾಗಲೂ ಅದು ಮೂಗಿಗೆ ಬರುತ್ತಿದೆ!

ಪಡಸಾಲೆಯಲ್ಲಿ ರಾಗಿಯ ರಾಶಿ ನನ್ನ ಎದೆಯೆತ್ತರಕ್ಕೆ ಬಿತ್ತು. ಅಪ್ಪ ಅಳೆದು ಕೊಡಲು ಕೊಳಗ ತಂದಿಟ್ಟ. ಅಜ್ಜಿ ಅದನ್ನು ಕಂಡು ಕೆರಳಿದಳು.

“ಅದ್ಯಾಕ್ಲಾ ತಂದೆ? ಅಳ್ದು ಆಕಾಕೆ ಇದೇನು ಕೂಲೀನಾ? ಅಟ್ಟಕ್ಕೆ ಹತ್ತಿಸು ಅದ್ನ.”

ಕೊಳಗ ಅಟ್ಟಕ್ಕೇರಿತು. ಅಜ್ಜಿಯ ಅತ್ತೆಯ ಕಾಲದಿಂದಲೂ ನಮ್ಮೂರಿನಲ್ಲಿ ಹೀಗೆಯೇ ನಡೆದು ಬಂದಿತ್ತಂತೆ. ಕಷ್ಟಕ್ಕೆ ಹಗೇವು ತೆಗೆದರೆ ಕೊಡುವವರು ಅಳೆಯಬಾರದು, ಕೊಡಬಾರದು, ನೋಡಲೂಬಾರದು. ಬೇಕಾದವರು ತಮ್ಮ ಮೊರ ತಂದು ತಮ್ಮ ಕೈಯಿಂದಲೇ ತುಂಬಿಕೊಳ್ಳಬೇಕು. ಆ ಹೊತ್ತಿನಲ್ಲಿ ಮನೆಯವರೆಲ್ಲ ಗೋಡೆಗೆ ಮುಖ ಮಾಡಿ ಕೂರಬೇಕು. ಅಜ್ಜಿ ರಾಶಿಗೆ ಬೆನ್ನು ಹಾಕಿ ಬೀಸುವ ಕಲ್ಲಿನ ಮುಂದೆ ಕುಳಿತು ಗರಗರನೆ ಬೀಸುತ್ತಿದ್ದಳು. ಹಿಟ್ಟು ಬೇಕಿತ್ತೆಂದಲ್ಲ, ಮೊರಕ್ಕೆ ಬೀಳುವ ರಾಗಿಯ ಸದ್ದು ಮನೆಯವರ ಕಿವಿಗೂ ಬೀಳಬಾರದೆಂದು. ಎಂಥ ಮರ್ಯಾದೆ ಅದು! ಯಾರು ಎಷ್ಟು ಒಯ್ದರೆಂದು ಕಲ್ಲಿಗೂ ಗೊತ್ತಾಗದ ಹಾಗೆ. ಆದರೂ ರಾಶಿ ಬೇಗ ಕರಗಲಿಲ್ಲ, ಊರು ಹದಿನೈದು ದಿನ ಉಂಡಿತು. ಯಾರೂ ನೋಡದಿದ್ದರಿಂದಲೇ ಎಲ್ಲರೂ ಕೈ ಹಿಡಿದು ತೆಗೆದುಕೊಂಡರು.

ಒಬ್ಬ ಮಾತ್ರ ನೋಡುತ್ತಿದ್ದ. ನಾನು.

ನನ್ನನ್ನು ಕೂರಿಸುತ್ತಿದ್ದದ್ದು ಬಚ್ಚಲ ಬಾಗಿಲ ಪಕ್ಕದ ಗೋಡೆಯ ಎದುರು. ಅಲ್ಲಿ ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಹಿತ್ತಾಳೆಯ ಹಂಡೆ ಇರುತ್ತಿತ್ತು. ಎರಡನೆಯ ದಿನ ನೋಡುತ್ತೇನೆ, ಹಂಡೆಯ ಹೊಟ್ಟೆಯಲ್ಲಿ ಇಡೀ ಪಡಸಾಲೆ ಕಾಣುತ್ತಿದೆ! ರಾಶಿ, ಮೊರ, ಬಗ್ಗಿದ ಬೆನ್ನುಗಳು, ಎಲ್ಲ ಕುಳ್ಳಗೆ, ಅಗಲವಾಗಿ, ಬಂಗಾರದ ಬಣ್ಣದಲ್ಲಿ. ನನಗೆ ಕುಣಿಯುವಷ್ಟು ಖುಷಿಯಾಯಿತು. ತಿರುಗಬೇಡ ಎಂದಿದ್ದಾರೆ, ನಾನು ತಿರುಗಿಲ್ಲವಲ್ಲ! ಯಾರು ಹೇಗೆ ತುಂಬುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು. ನೀರಗಂಟಿ ಎರಡೂ ಕೈ ಜೋಡಿಸಿ ಬೊಗಸೆಯಲ್ಲಿ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಒಬ್ಬ ಮುದುಕಿ ತುಂಬಿದ ಮೇಲೆ ಒಂದು ಹಿಡಿ ವಾಪಸು ಹಾಕುತ್ತಿದ್ದಳು. ಕಿಕ್ಕೇರವ್ವ ಮಾತ್ರ ದಿನವೂ ಕೊನೆಯಲ್ಲಿ ಬಂದು ಒಂದು ಮೊರ ತುಂಬಿ ಚೀಲಕ್ಕೆ ಸುರಿದು, ಸುತ್ತ ಒಮ್ಮೆ ನೋಡಿ, ಇನ್ನೊಂದು ಮೊರ ತುಂಬಿ ಸೆರಗಿಗೆ ಸುರಿದುಕೊಳ್ಳುತ್ತಿದ್ದಳು. ನಾನೊಬ್ಬನೇ ಕಂಡುಹಿಡಿದ ಗುಟ್ಟು! ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಐದನೆಯ ದಿನ, ತುಂಬಿಕೊಂಡ ಏಳೆಂಟು ಜನ ಇನ್ನೂ ಪಡಸಾಲೆಯಲ್ಲಿ ಇರುವಾಗಲೇ, ಅವಳು ಸೆರಗು ಗಂಟು ಹಾಕುವುದನ್ನು ಹಂಡೆಯಲ್ಲಿ ಕಂಡು ಎದ್ದು ನಿಂತು ಕೂಗಿದೆ.

“ಅಜ್ಜೀ! ಕಿಕ್ಕೇರವ್ವ ದಿನಾ ಎಲ್ಡು ಮೊರ ತಗೊಂಡೋಯ್ತಾಳೆ! ಅವ್ರ ಮನೇಲಿರಾದು ಮೂರೇ ಜನ!”

ಬೀಸುವ ಕಲ್ಲು ನಿಂತಿತು.

ಕೆರೆ ಒಡೆದಾಗ ನನಗೆ ಹೆದರಿಕೆಯಾಗಿರಲಿಲ್ಲ, ಆಗ ಆಯಿತು. ನಾನು ತಿರುಗಿ ನೋಡಿದೆ. ಕಿಕ್ಕೇರವ್ವ ಸೆರಗಿನ ಗಂಟು ಬಿಚ್ಚಿ ರಾಗಿಯನ್ನು ರಾಶಿಗೆ ಸುರಿದಳು. ಚೀಲವನ್ನೂ ಬೋರಲು ಹಾಕಿದಳು. ಒಂದು ಕಾಳೂ ಅಂಟಿರಬಾರದೆಂದು ಸೆರಗನ್ನು ಎರಡು ಸಲ ಕೊಡವಿದಳು. ಅಜ್ಜಿ ಆಗಲೂ ತಿರುಗಲಿಲ್ಲ, ಗೋಡೆಯ ಕಡೆಗೇ ಮುಖ ಮಾಡಿ ಹೇಳಿದಳು.

“ಕಿಕ್ಕೇರವ್ವ, ಮಗೀನ್ ಮಾತು ಕಣೆ ಅದು. ತಗೊಂಡೋಗವ್ವ. ನಾ ಏನೂ ಕಂಡಿಲ್ಲ.”

“ನೀನು ಕಂಡಿಲ್ಲ ದೊಡ್ಡವ್ವ, ಮನೆ ಕಂಡದಲ್ಲ. ಮಗ ಸರಿಯಾಗೇ ಯೋಳವ್ನೆ, ನಮ್ಮನೇಲಿರಾದು ಮೂರೇ ಜನ. ಇರ್ಲಿ ಬುಡು.”

ಖಾಲಿ ಮೊರ ಕಂಕುಳಲ್ಲಿಟ್ಟುಕೊಂಡು ಹೋದವಳು ಮತ್ತೆ ವರ್ಷಗಟ್ಟಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವತ್ತು ಅಜ್ಜಿ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಈ ಕತೆ ಬೇರೆಯಾಗುತ್ತಿತ್ತೇನೋ. ಕಿವಿ ಹಿಡಿದು ಹಂಡೆಯ ಮುಂದೆ ಕೂರಿಸಿದಳು.

“ತಿರುಗಿ ನೋಡಿದ್ಯಾ?”

“ಇಲ್ಲ ಅಜ್ಜಿ. ಹಂಡೇಲಿ ಕಾಣ್ತಿತ್ತು.”

“ಎಲಾ ಮುಂಡೇದೆ, ಕಣ್ಣು ಮುಚ್ಕೊಳ್ಳಾಕೆ ರೆಪ್ಪೆ ಕೊಟ್ಟಿರ್ನಿಲ್ವಾ ದೇವ್ರು? ನಾಳೆ ಹೊತ್ತುಟ್ಟೋ ಮುಂದೆ ಓಗಿ, ತಪ್ಪಾಯ್ತು ಕಣವ್ವ, ಅಜ್ಜಿ ಕರೀತಾವ್ಳೆ ಅಂತ ಯೋಳ್ಬುಟ್ಟು ಬಾ. ನೀನೇ ಯೋಳ್ಬೇಕು. ನಾನು ಓದ್ರೆ ಅವ್ಳಿಗೆ ಇನ್ನೂ ನಾಚ್ಕೆ.”

ಹೋದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ತಪ್ಪಾಯ್ತು ಕಣವ್ವ, ಅಜ್ಜಿ ಕರೀತಾವ್ಳೆ. ತಪ್ಪಾಯ್ತು ಕಣವ್ವ. ಕೆಳಗಿನ ಬೀದಿಯಲ್ಲಿ ಮನೆಗಳ ಜಾಗದಲ್ಲಿ ಮಣ್ಣಿನ ಗುಡ್ಡೆಗಳಿದ್ದವು. ಗಂಡಸರು ಆಗಲೇ ಕೆಸರು ತುಳಿದು ಹೊಸ ಗೋಡೆಗೆ ಮಣ್ಣಿನ ಮುದ್ದೆ ಮಾಡುತ್ತಿದ್ದರು. ಮನೆ ಕಟ್ಟಲು ಗಂಡಸಿಲ್ಲದ ಮನೆಯಿಂದಲೇ ಶುರು ಮಾಡಬೇಕೆಂದು ಊರು ತೀರ್ಮಾನಿಸಿದ್ದರಿಂದ ಮೊದಲ ಸಾಲು ನಾಗಮಂಗಲದವ್ವನ ಮನೆಯದೇ. ಅವಳೂ ಅವಳ ಮಕ್ಕಳೂ ಒಂದು ತೆಂಗಿನ ಗರಿಯ ಮರೆಯಲ್ಲಿದ್ದರು, ಕಿಕ್ಕೇರವ್ವನವರು ಇನ್ನೊಂದರಲ್ಲಿ. ಯಾವ ಗೋಡೆಗೆ ಆರು ವರ್ಷ ಜಗಳವಾಡಿದ್ದರೋ ಆ ಗೋಡೆ ಕೊಚ್ಚಿ ಹೋಗಿತ್ತು. ತಳದ ಮೊಣಕಾಲೆತ್ತರದ ಕಲ್ಲುಕಟ್ಟು ಮಾತ್ರ ಉಳಿದಿತ್ತು. ನಾನು ಒಂದು ಹೊಂಗೆಯ ಮರದ ಹಿಂದೆ ನಿಂತು, ಇನ್ನೇನು ಮುಂದೆ ಹೋಗಬೇಕು, ಅಷ್ಟರಲ್ಲಿ ಕಿಕ್ಕೇರವ್ವ ಒಲೆಯ ಮುಂದಿನಿಂದ ಎದ್ದಳು.

ಅವಳ ಕೈಯಲ್ಲಿ ಒಂದು ಮಣ್ಣಿನ ಕುಡಿಕೆ. ಅದರ ತುಂಬ ಅಂಬಲಿ, ಹೊಗೆಯಾಡುತ್ತಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಅವಳ ಗಂಡ ವಾಲಿಸಿ ಕೆರೆಯುತ್ತಿದ್ದುದರಿಂದ ಅದರಲ್ಲಿ ಹೆಚ್ಚಿಗೆ ಉಳಿದಿಲ್ಲವೆಂದು ನನಗೂ ತಿಳಿಯಿತು. ಅವಳು ಕುಡಿಕೆಯನ್ನು ತಂದು ಆ ಕಲ್ಲುಕಟ್ಟಿನ ಮೇಲೆ ಇಟ್ಟಳು. ಇಟ್ಟು, ಆ ಕಡೆಗೆ ಬೆನ್ನು ಮಾಡಿ ನಿಂತು, ಒಣಗಿದ್ದ ಸೀರೆಯನ್ನೇ ಮತ್ತೆ ಮತ್ತೆ ಕೊಡವತೊಡಗಿದಳು, ಪಟಪಟ ಸದ್ದು ಬರುವ ಹಾಗೆ. ಆಚೆಯ ಗರಿಯ ಮರೆಯಿಂದ ನಾಗಮಂಗಲದವ್ವ ಬಂದಳು. ತಲೆಯೆತ್ತದೆ ಕುಡಿಕೆ ಎತ್ತಿಕೊಂಡು, ನಿನ್ನೆಯ ಖಾಲಿ ಕುಡಿಕೆಯನ್ನು ತೊಳೆದು ತಂದದ್ದನ್ನು ಅದೇ ಜಾಗದಲ್ಲಿ ಇಟ್ಟು ಹೋದಳು. ಸೀರೆ ಕೊಡವುವುದು ನಿಂತಿತು.

ಎರಡನೆಯ ಮೊರ ಯಾರದ್ದೆಂದು ಹತ್ತು ವರ್ಷದ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾಗಮಂಗಲದವ್ವ ಸತ್ತರೂ ಇನ್ನೊಬ್ಬರ ಪಡಸಾಲೆಗೆ ಮೊರ ಹಿಡಿದು ಬರುವವಳಲ್ಲ. ಅವಳ ಪಾಲನ್ನು, ಅವಳೊಂದಿಗೆ ಮಾತು ಬಿಟ್ಟವಳು, ತನ್ನ ಸೆರಗಿನಲ್ಲಿ ಕಳ್ಳಿಯ ಹಾಗೆ ಒಯ್ಯುತ್ತಿದ್ದಳು. ಆ ರಾಗಿಯನ್ನೇ ನಾನು ಎಲ್ಲರೆದುರು ಸುರಿಸಿಬಿಟ್ಟಿದ್ದೆ. ಈಗ ಮೂರು ಜನರ ಅಂಬಲಿ ಆರು ಜನರಿಗೆ ಹಂಚಿಹೋಗುತ್ತಿತ್ತು. ಇಷ್ಟನ್ನು ಕಂಡಮೇಲೆ ಆ ಎರಡು ಮಾತು ಬಾಯಲ್ಲಿ ಎಷ್ಟು ಸಣ್ಣವಾಗಿ ಕಂಡವೋ! ತಿರುಗಿ ಓಡಿದೆ. ಅಜ್ಜಿ ಹೊಸ್ತಿಲಲ್ಲೇ ಕಾದಿದ್ದಳು.

“ಯೋಳ್ದಾ?”

“ಊಂ ಅಜ್ಜಿ, ಯೋಳ್ದೆ.”

“ಏನಂದ್ಲು?”

“ಏನೂ ಅನ್ನಲಿಲ್ಲ.”

ಆ ಒಂದು ಸುಳ್ಳಿನ ಕೆಲಸ ನೋಡಿ. ಅಜ್ಜಿ ಅವತ್ತು ಸಂಜೆಯವರೆಗೂ ಕಾದಳು, ಮರುದಿನವೂ ಕಾದಳು. ಮಗುವನ್ನು ಕಳಿಸಿ ತಪ್ಪು ಒಪ್ಪಿಸಿದರೂ ಬರಲಿಲ್ಲವಲ್ಲ, ಎಂಥ ಜಂಬ ಎಂದುಕೊಂಡಳು. ಆಚೆ ಕಿಕ್ಕೇರವ್ವ, ಇಷ್ಟೆಲ್ಲ ಆದರೂ ಆ ಮನೆಯಿಂದ ಒಂದು ಮಾತು ಬರಲಿಲ್ಲವಲ್ಲ ಎಂದುಕೊಂಡಳು. ಅವಳ ಗಂಡ ಅವಳ ತವರಿಗೆ ನಡೆದು ಹೋಗಿ ರಾಗಿ ಹೊತ್ತು ತಂದ. ಹದಿನೈದು ದಿನಕ್ಕೆ ನಮ್ಮ ಮನೆಯ ರಾಶಿ ಮುಗಿಯಿತು, ಕೊಳಗ ಅಟ್ಟದಿಂದ ಇಳಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಬೀದಿ ಮತ್ತೆ ಎದ್ದು ನಿಂತಿತು. ವಾರಗಿತ್ತಿಯರ ನಡುವಿನ ಗೋಡೆಯನ್ನು ಎಬ್ಬಿಸುವಾಗ ಕಿಕ್ಕೇರವ್ವ, ದೀಪಕ್ಕಿರಲಿ ಎಂದು ಹೇಳಿ, ಎರಡೂ ಕಡೆಗೆ ತೆರೆದ ಒಂದು ಗೂಡು ಬಿಡಿಸಿದಳು. ಆ ಗೂಡಿನಲ್ಲಿ ನಾನು ದೀಪ ಕಂಡದ್ದಿಲ್ಲ. ಕುಡಿಕೆ ಕಂಡಿದ್ದೇನೆ.

ನಾನು ಹೈಸ್ಕೂಲು ಮುಗಿಸಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಕರಿಘಟ್ಟದ ಬೆಟ್ಟಕ್ಕೆ ಹರಕೆ ಹೊತ್ತು ನಮ್ಮವ್ವ ಹೋಗಿಬಂದ ದಿನ, ಅಜ್ಜಿ ನನ್ನನ್ನು ಹತ್ತಿರ ಕರೆದಳು.

“ಮಗ, ಅವತ್ತು ನೀನು ಓಗಿ ಯೋಳ್ದೆ ತಾನೆ?”

“ಊಂ ಅಜ್ಜಿ.”

“ಆದ್ರೂ ಬರ್ನಿಲ್ಲ ನೋಡು ಅವ್ಳು.”

ಆಗಲಾದರೂ ಹೇಳಬಹುದಿತ್ತು. ಅವಳಿಗೆ ಉಸಿರಿತ್ತು, ನನಗೆ ಬಾಯಿತ್ತು, ಕೆಳಗಿನ ಬೀದಿ ಕೂಗಳತೆಯಲ್ಲಿತ್ತು. ನಾನು ಕಂಬಳಿ ಸರಿಮಾಡಿ ಎದ್ದು ಬಂದೆ. ವಾರವೊಪ್ಪತ್ತಿನಲ್ಲಿ ಅಜ್ಜಿ ತೀರಿಕೊಂಡಳು. ಹೆಣದ ಬಾಯಿಗೆ ಅಕ್ಕಿಕಾಳು ಹಾಕಲು ಊರೆಲ್ಲ ಸಾಲಾಗಿ ಬಂತು. ಸಾಲಿನ ಕೊನೆಯಲ್ಲಿ ಕಿಕ್ಕೇರವ್ವ. ಏಳೆಂಟು ವರ್ಷದ ಮೇಲೆ ನಮ್ಮ ಹೊಸ್ತಿಲು ದಾಟಿದಳು. ನಾನು ತಲೆಯ ಕಡೆ ಕುಳಿತಿದ್ದರಿಂದ ಅವಳು ಬಗ್ಗಿ ಹೇಳಿದ್ದು ನನ್ನೊಬ್ಬನಿಗೇ ಕೇಳಿತು.

“ಒಂದ್ ಮಾತು ಕಳಿಸ್ನಿಲ್ವಲ್ಲ ದೊಡ್ಡವ್ವ. ಒಂದೇ ಒಂದ್ ಮಾತು ಕಳಿಸಿದ್ರೆ ಬತ್ತಿದ್ನಲ್ಲ.”

ಆ ಮಾತನ್ನು ಹೊತ್ತು ತಂದು ದಾರಿಯಲ್ಲಿ ಬಿಸಾಡಿದವನು ಒಂದು ಗೇಣು ದೂರದಲ್ಲಿ ಕುಳಿತಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ನನ್ನ ತಲೆ ಸವರಿದಳು. “ಅಳ್ಬ್ಯಾಡ ಕಣ್ ಮಗ, ನಿನ್ ಮ್ಯಾಲೆ ಜೀವ ಇಟ್ಕೊಂಡಿದ್ಲು” ಎಂದಳು.

ಅದಾಗಿ ಎಷ್ಟೋ ವರ್ಷ ಅವಳು ಬದುಕಿದ್ದಳು. ಊರಿನಲ್ಲಿ ನಾಲ್ಕಕ್ಷರ ಬಲ್ಲವನೆಂದು ಜನರ ಅರ್ಜಿ ಬರೆದುಕೊಡುವುದು ನನ್ನ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ, ವೋಟಿನ ಗುರುತಿನ ಚೀಟಿಗೆ ಅರ್ಜಿ ಹಾಕಬೇಕೆಂದು ಅವಳು ಕೋಲೂರಿಕೊಂಡು ನಮ್ಮ ಜಗಲಿಗೆ ಬಂದಳು. ನಡು ಬಗ್ಗಿತ್ತು, ನಾಲಿಗೆ ಹಾಗೇ ಇತ್ತು.

“ಎಸರು ಏನಂತ ಬರೀಲವ್ವ?”

“ಕಿಕ್ಕೇರವ್ವ ಅಂತ ಬರ್ಕೊ.”

“ಅದು ಊರು ಕರಿಯಾದು. ನಿಮ್ಮಪ್ಪ ಅವ್ವ ಇಟ್ಟಿದ್ದು ಯೋಳು.”

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಯ್ಯೋ, ಅದ್ನ ಯಾರೂ ಕೇಳೇ ಇರ್ನಿಲ್ಲ ಕಣ್ಲಾ” ಎಂದು, ಸುತ್ತ ಒಮ್ಮೆ ನೋಡಿ, ಗುಟ್ಟು ಹೇಳುವವಳ ಹಾಗೆ ಹೇಳಿದಳು. ನಾನು ಬರೆದೆ. ನನ್ನ ಪೆನ್ನು ಅಲ್ಲೇ ನಿಂತದ್ದನ್ನು ಕಂಡು ಕೇಳಿದಳು.

“ಯಾಕ್ ಮಗ ಸುಮ್ಕಾದೆ? ಏನಾರ ಯೋಳ್ಬೇಕಿತ್ತಾ?”

“ಇಲ್ಲವ್ವ. ಇಲ್ಲಿ ಹೆಬ್ಬೆಟ್ಟು ಒತ್ತು.”

ಒತ್ತಿದಳು. ಆ ಬೆರಳಿನ ನೀಲಿ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬೀದಿ ಇಳಿದು ಹೋದಳು. ಎರಡು ವರ್ಷಕ್ಕೆ ತೀರಿಕೊಂಡಳು. ಅಕ್ಕಿಕಾಳು ಹಾಕಲು ಹೋಗಿದ್ದೆ, ಅಲ್ಲೂ ಬಾಯಿ ತೆರೆಯಲಿಲ್ಲ. ಅವಳ ತಲೆಯ ಕಡೆ ನಾಗಮಂಗಲದವ್ವ ಕುಳಿತಿದ್ದಳು.

ಮೊಮ್ಮಗಳೇ, ನೀನು ಕೇಳಿದ್ದಕ್ಕೆ ಉತ್ತರ ಇದು. ಇಲ್ಲಿಯವರೆಗೂ ಅವಳನ್ನು ಊರು ಕರೆದ ಹಾಗೆಯೇ ಕರೆದೆ. ಕೊನೆಯಲ್ಲಾದರೂ ಅವಳ ಅಪ್ಪ ಅವ್ವ ಇಟ್ಟ ಹೆಸರು ಹಿಡಿದು, ಹೇಳಬೇಕಾಗಿದ್ದ ಆ ಎರಡು ಮಾತನ್ನು ಹೇಳಿಬಿಡುತ್ತೇನೆ. ತಪ್ಪಾಯ್ತು ಕಣವ್ವ, ಅಜ್ಜಿ ಕರೀತಾವ್ಳೆ, ಪುಟ್ಟಲಿಂಗಮ್ಮ.